ತಾಳ ಬದಲಾಗುವ ಸಂದು

ಕುದುರೆ ಓಡುವುದನ್ನು ಎಲ್ಲರೂ ನಿಂತು ನೋಡುತ್ತಾರೆ. ಆದರೆ ನಡೆಯುತ್ತಿದ್ದ ಕುದುರೆ ಓಟಕ್ಕೆ ಏರುವಾಗ, ಓಡುತ್ತಿದ್ದ ಕುದುರೆ ನಡಿಗೆಗೆ ಇಳಿಯುವಾಗ, ಆ ನಡುವೆ ಕಣ್ಣು ಮಿಟುಕಿಸುವಷ್ಟು ಹೊತ್ತು ಒಂದು ಸಂದು ಇರುತ್ತದೆ. ಅದನ್ನು ನೋಡುವವರು ಕಡಿಮೆ. ಮಾತು ಬಾರದ, ತೂಕದಲ್ಲಿ ನಮ್ಮ ಏಳೆಂಟು ಪಟ್ಟು ಇರುವ ಒಂದು ಜೀವ ನಮ್ಮ ಸನ್ನೆಗೆ ತನ್ನ ಹೆಜ್ಜೆ ಬದಲಿಸಿದರೆ, ಅದು ಒಪ್ಪಿ ಬದಲಿಸಿತೋ ಅಂಜಿ ಬದಲಿಸಿತೋ? ಇದು ನನ್ನ ಪ್ರಶ್ನೆ. ದೂರದಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಎರಡಕ್ಕೂ ಜನ ಚಪ್ಪಾಳೆ ಹೊಡೆಯುತ್ತಾರೆ.

ನಾನು ಕುದುರೆ ಸಾಕಿದವನಲ್ಲ. ಜತ್ತ ತಾಲೂಕಿನ ಒಣಬೇಸಾಯದವನು, ಜೋಳ ಬೆಳೆಯುವವನು, ಡೊಳ್ಳಿನ ಪದ ಹಾಡುವವನು. ಓದಿದ್ದು ಏಳನೆಯ ಇಯತ್ತೆ. ಕುದುರೆಯ ವಿಷಯ ನಿನಗೇಕೆ ಅಂತ ನೀವು ಕೇಳಬಹುದು. ನನ್ನ ತಂಗಿಯ ಮಗ ಸೈನ್ಯದ ರಿಮೌಂಟ್ ವೆಟರ್ನರಿ ಕೋರಿನಲ್ಲಿ, ಅಂದರೆ ಕುದುರೆ, ಹೇಸರಗತ್ತೆ, ನಾಯಿ ಸಾಕುವ ವಿಭಾಗದಲ್ಲಿ ನೌಕರಿ ಮಾಡಿ, ಪಿಂಚಣಿ ಮೇಲೆ ಊರಿಗೆ ಬಂದಿದ್ದಾನೆ. ಸಂಜೆ ವಾಚನಾಲಯದ ಕಟ್ಟೆಯ ಮೇಲೆ ಕೂತು ಅವನು ಹೇಳಿದ್ದು, ಮೊಬೈಲಿನಲ್ಲಿ ತೋರಿಸಿದ್ದು, ನನ್ನ ಹಾಡಿಕೆಯ ಜೊತೆ ಎಲ್ಲೋ ಹೋಗಿ ಕೂಡಿತು. ಆಮೇಲೆ ಬಿಡಲಿಲ್ಲ.

ಅವನು ತೋರಿಸಿದ ಆಟಕ್ಕೆ ಡ್ರೆಸಾಜ್ ಅಂತ ಹೆಸರು. ಫ್ರೆಂಚ್ ಮಾತು, ಪಳಗಿಸುವುದು ಅಂತ ಅರ್ಥ. 60 ಮೀಟರ್ ಉದ್ದ, 20 ಮೀಟರ್ ಅಗಲದ ಮರಳಿನ ಅಂಗಳ. ಸುತ್ತ ಅಕ್ಷರ ಬರೆದ ಫಲಕಗಳು. ಸವಾರ ಕುದುರೆಯನ್ನು ಒಂದು ಅಕ್ಷರದ ಹತ್ತಿರ ನಡಿಗೆಯಿಂದ ಓಟಕ್ಕೆ ಏರಿಸಬೇಕು, ಇನ್ನೊಂದು ಅಕ್ಷರದ ಹತ್ತಿರ ಇಳಿಸಬೇಕು, ಮತ್ತೊಂದು ಕಡೆ ಕಂಬದ ಹಾಗೆ ನಿಲ್ಲಿಸಬೇಕು. ನ್ಯಾಯಾಧೀಶರು ಸೊನ್ನೆಯಿಂದ ಹತ್ತರವರೆಗೆ ಗುಣ ಹಾಕುತ್ತಾರೆ. ಯಾರು ಮೊದಲು ಮುಟ್ಟಿದರು ಎಂಬ ಲೆಕ್ಕವೇ ಇಲ್ಲ. ಗಂಡಸರೂ ಹೆಂಗಸರೂ ಒಂದೇ ಸ್ಪರ್ಧೆಯಲ್ಲಿ ಇಳಿಯುತ್ತಾರೆ. 2023ರಲ್ಲಿ ಚೀನಾದ ಹಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ನಮ್ಮ ದೇಶದ ನಾಲ್ವರು, ಅನುಷ್ ಅಗರ್‌ವಾಲಾ, ಹೃದಯ್ ಛೇಡಾ, ದಿವ್ಯಕೃತಿ ಸಿಂಗ್, ಸುದೀಪ್ತಿ ಹಜೇಲಾ, ಈ ಆಟದಲ್ಲಿ ತಂಡದ ಚಿನ್ನ ಗೆದ್ದರು. 1982ರ ದಿಲ್ಲಿ ಏಷ್ಯಾಡ್ ಆದಮೇಲೆ ಕುದುರೆ ಸವಾರಿಯಲ್ಲಿ ನಮಗೆ ಸಿಕ್ಕ ಮೊದಲ ಚಿನ್ನ ಅದು. ನಮ್ಮೂರಿನಲ್ಲಿ ಆ ಸುದ್ದಿ ಯಾರಿಗೂ ಗೊತ್ತಾಗಲಿಲ್ಲ. ಆ ತಿಂಗಳು ಎಲ್ಲರೂ ಮಳೆಯ ಚಿಂತೆಯಲ್ಲಿದ್ದೆವು.

ಮೊದಲ ಸಲ ನೋಡಿದಾಗ ನನಗೆ ಬೇಸರ ಬಂತು. ಕುದುರೆ ಹೋಗುತ್ತದೆ, ಬರುತ್ತದೆ, ಸವಾರ ಗೊಂಬೆಯ ಹಾಗೆ ಕೂತಿರುತ್ತಾನೆ. ಅಳಿಯ ನಕ್ಕು, "ಮಾಮಾ, ಕಣ್ಣು ಮುಚ್ಚಿ ಕಾಲಿನ ಸಪ್ಪಳ ಅಷ್ಟೇ ಕೇಳು" ಅಂದ. ಕೇಳಿದೆ. ಆಮೇಲೆ ಬೇಸರ ಹೋಯಿತು.

ಸಪ್ಪಳ ಹೀಗೆ ಇರುತ್ತದೆ. ನಡಿಗೆಯಲ್ಲಿ ನಾಲ್ಕು ಕಾಲೂ ಬೇರೆಬೇರೆ ಬೀಳುತ್ತವೆ: ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ನಾಲ್ಕು ಪೆಟ್ಟು. ಇಂಗ್ಲಿಷಿನವರು ಟ್ರಾಟ್ ಅನ್ನುವ, ಮರಾಠಿಯವರು ದುಡಕಿ ಅನ್ನುವ, ನಮ್ಮ ಹಳೆಯ ಮಾತಿನಲ್ಲಿ ಕುಕ್ಕುಲೋಟ ಅನ್ನುವ ಓಟದಲ್ಲಿ ಎಡ ಹಿಂಗಾಲಿನ ಜೊತೆ ಬಲ ಮುಂಗಾಲು, ಬಲ ಹಿಂಗಾಲಿನ ಜೊತೆ ಎಡ ಮುಂಗಾಲು, ಮೂಲೆಗೆ ಮೂಲೆ ಜೋಡಿಯಾಗಿ ಬೀಳುತ್ತವೆ. ಎರಡು ಪೆಟ್ಟು. ಅದಕ್ಕಿಂತ ಮೇಲಿನದು ಕ್ಯಾಂಟರ್. ಅದರಲ್ಲಿ ಮೊದಲು ಒಂದು ಹಿಂಗಾಲು, ಆಮೇಲೆ ಒಂದು ಜೋಡಿ, ಕೊನೆಗೆ ಒಂದು ಮುಂಗಾಲು. ಮೂರು ಪೆಟ್ಟು, ಆಮೇಲೆ ನಾಲ್ಕೂ ಕಾಲು ನೆಲ ಬಿಟ್ಟ ಒಂದು ಖಾಲಿ. ಆ ಖಾಲಿ ನನಗೆ ಬಹಳ ಹಿಡಿಸಿತು. ಡೊಳ್ಳಿನಲ್ಲಿ ಹೊಡೆಯದೆ ಬಿಟ್ಟ ಪೆಟ್ಟು ಹೊಡೆದ ಪೆಟ್ಟಿಗಿಂತ ಜೋರು ಕೇಳಿಸುತ್ತದೆ. ಬಾರಿಸಿದವರಿಗೆ ಗೊತ್ತು.

ಇದರಿಂದ ನನಗೆ ಒಂದು ಮಾತು ತಿಳಿಯಿತು. ಕುಕ್ಕುಲೋಟ ಅಂದರೆ ಜೋರಾದ ನಡಿಗೆ ಅಲ್ಲ. ಕ್ಯಾಂಟರ್ ಅಂದರೆ ಜೋರಾದ ಕುಕ್ಕುಲೋಟ ಅಲ್ಲ. ತಾಳವೇ ಬೇರೆ, ಕಾಲು ಬೀಳುವ ಸರತಿಯೇ ಬೇರೆ. ನಡೆಯುವ ಕುದುರೆಗೆ ಬಾರಕೋಲಿನಿಂದ ಹೊಡೆಯುತ್ತಾ ಹೋದರೆ ಮೊದಲು ಸಿಗುವುದು ಅವಸರದ ನಡಿಗೆ. ಇನ್ನೂ ಹೊಡೆದರೆ ಅದು ಮುಗ್ಗರಿಸಿದ ಹಾಗೆ ಮುಂದಕ್ಕೆ ಬಾಗಿ, ಭಾರವನ್ನೆಲ್ಲ ಮುಂಗಾಲಿನ ಮೇಲೆ ಹಾಕಿ, ಕತ್ತು ಮೇಲೆತ್ತಿ, ಬೆನ್ನು ಕುಸಿದು ಓಟಕ್ಕೆ ಬೀಳುತ್ತದೆ. ಏರುವುದಲ್ಲ ಅದು, ಬೀಳುವುದು. ಓಟ ಸಿಕ್ಕಿತು ಅಂತ ಸವಾರ ತಿಳಿಯುತ್ತಾನೆ. ಕುದುರೆ ಮಾತ್ರ ಪೆಟ್ಟಿನಿಂದ ಓಡಿಹೋಗುತ್ತಿದೆ.

ಕುದುರೆಯ ಮೈಭಾರದಲ್ಲಿ ಅರ್ಧಕ್ಕಿಂತ ಹೆಚ್ಚು ಮುಂಗಾಲಿನ ಮೇಲೆ ಇರುತ್ತದಂತೆ. ಅದರ ಬಲ ಇರುವುದು ಹಿಂಗಾಲಿನಲ್ಲಿ. ಆದ್ದರಿಂದ ತಾಳ ಬದಲಿಸುವ ಮೊದಲು ಹಿಂಗಾಲನ್ನು ಹೊಟ್ಟೆಯ ಕೆಳಗೆ ತಂದುಕೊಳ್ಳಲು ಕುದುರೆಗೆ ಸ್ವಲ್ಪ ಹೊತ್ತು ಬೇಕು. ಆ ಹೊತ್ತನ್ನು ಸವಾರ ಕೊಡಬೇಕು. ಕೊಡುವ ಬಗೆಗೆ ಹಾಫ್ ಹಾಲ್ಟ್ ಅನ್ನುತ್ತಾರೆ, ನಾವು ಅರೆತಡೆ ಅನ್ನೋಣ. ಸವಾರ ಜೀನಿನಲ್ಲಿ ನೆಟ್ಟಗೆ, ಆಳವಾಗಿ ಕೂಡುತ್ತಾನೆ. ಎರಡೂ ಕಾಲನ್ನು ಮೆಲ್ಲಗೆ ಪಕ್ಕೆಗೆ ಒತ್ತುತ್ತಾನೆ. ಲಗಾಮು ಹಿಡಿದ ಬೆರಳು ಒಂದು ಕ್ಷಣ ಮುಚ್ಚುತ್ತವೆ, ತಿರುಗಿ ಸಡಿಲಾಗುತ್ತವೆ. ಇಷ್ಟೇ. ನೋಡುವವನಿಗೆ ಏನೂ ಕಾಣುವುದಿಲ್ಲ. ಆದರೆ ಕುದುರೆಗೆ ಒಂದು ಮಾತು ಮುಟ್ಟುತ್ತದೆ: ಈಗ ಏನೋ ಕೇಳುತ್ತೇನೆ, ಸಿದ್ಧವಾಗು. ಆಮೇಲೆ ಕೇಳುತ್ತಾನೆ. ಮೈಮೇಲೆ ಕೂತ ನೊಣವನ್ನು ಚರ್ಮ ನಡುಗಿಸಿ ಓಡಿಸುವ ಪ್ರಾಣಿ ಅದು. ಅಷ್ಟು ಸೂಕ್ಷ್ಮ ಚರ್ಮಕ್ಕೆ ಒದೆತ ಏಕೆ ಬೇಕು ಅಂತ ಅಳಿಯ ಕೇಳುತ್ತಾನೆ. ಮೊದಲೇ ಒದೆತ ಕೊಟ್ಟವನಿಗೆ ನಾಳೆ ಇನ್ನೂ ದೊಡ್ಡ ಒದೆತ ಬೇಕಾಗುತ್ತದೆ. ಸಣ್ಣ ಮಾತು ಕೇಳುವ ಕಿವಿಯನ್ನು ಅವನೇ ಕಿವುಡು ಮಾಡಿರುತ್ತಾನೆ.

ಇದನ್ನು ಕೇಳಿದಾಗ ನಾನು, "ಇದು ನಮ್ಮ ಪದದಾಗೂ ಐತಲ್ಲೋ" ಅಂದೆ. ಡೊಳ್ಳಿನ ಪದದಲ್ಲಿ ವಿಳಂಬದ ನಡೆಯಿಂದ ಏರು ನಡೆಗೆ ಹೋಗುವಾಗ ಮುಂದಿನ ಹಾಡುಗಾರ ಸುಮ್ಮನೆ ಜೋರು ಮಾಡಿದರೆ ಹಿಮ್ಮೇಳ ಒಡೆಯುತ್ತದೆ. ಒಬ್ಬ ಹಿಂದೆ ಉಳಿಯುತ್ತಾನೆ, ಒಬ್ಬ ಓಡುತ್ತಾನೆ, ತಾಳ ಹಿಡಿದವ ಯಾರ ಕಡೆ ಹೋಗಲಿ ಅಂತ ಬಾಯಿ ತೆರೆದು ನೋಡುತ್ತಾನೆ. ಅದಕ್ಕೇ ತಿಳಿದ ಹಾಡುಗಾರ ಏರುವ ಮುಂಚಿನ ಸಾಲಿನ ಕೊನೆಯ ಅಕ್ಷರವನ್ನು ಎಳೆಯುತ್ತಾನೆ, ಡೊಳ್ಳಿನವನ ಕಡೆ ಮುಖ ತಿರುಗಿಸುತ್ತಾನೆ, ಎದೆ ತುಂಬ ಉಸಿರು ತೆಗೆದುಕೊಳ್ಳುತ್ತಾನೆ. ಆ ಉಸಿರು ಎಲ್ಲರಿಗೂ ಕಾಣುತ್ತದೆ. ಮುಂದಿನ ಪೆಟ್ಟು ಎಂಟು ಜನರ ಕೈಯಿಂದ ಒಂದೇ ಆಗಿ ಬೀಳುತ್ತದೆ. ಆ ಉಸಿರೇ ಅರೆತಡೆ. ನನಗೆ ಡೊಳ್ಳು ಕಲಿಸಿದ ಹಿರಿಯರು ಇದಕ್ಕೆ ಹೆಸರು ಇಟ್ಟಿರಲಿಲ್ಲ. "ಕೇಳಿ ಏರೋ, ಹೇಳದ ಏರಬ್ಯಾಡ" ಅಂತಿದ್ದರು.

ಎತ್ತಿನ ಜೊತೆಗೂ ಅದೇ. ಖಿಲಾರಿ ಎತ್ತು ಬಿರುಸು, ಹೋರಿಯಿದ್ದಾಗ ಹಗ್ಗ ಹರಿಯುವ ಜಾತಿ. ಕುಂಟೆ ಹೊಡೆಯುವಾಗ ಸಾಲಿನ ತುದಿಗೆ ಬಂದ ಮೇಲೆ ಒಮ್ಮೆಲೇ ಹಗ್ಗ ಜಗ್ಗಿ ಹೊರಳಿಸಿದರೆ ಒಳಗಿನ ಎತ್ತು ನಿಲ್ಲುತ್ತದೆ, ಹೊರಗಿನದು ನುಗ್ಗುತ್ತದೆ, ನೊಗ ಕತ್ತಿಗೆ ಕಡಿಯುತ್ತದೆ. ನಾಲ್ಕು ಹೆಜ್ಜೆ ಮೊದಲೇ ಒಂದು ಕೂಗು ಹಾಕಿದರೆ ಎರಡರ ಕಿವಿಯೂ ಹಿಂದೆ ತಿರುಗುತ್ತವೆ, ಒಳಗಿನದು ತಾನೇ ಹೆಜ್ಜೆ ಸಣ್ಣ ಮಾಡುತ್ತದೆ.

ಏರಿಸುವುದಕ್ಕಿಂತ ಇಳಿಸುವುದು ಕಷ್ಟ. ಇದನ್ನು ಹಾಡುವವರು ಯಾರನ್ನಾದರೂ ಕೇಳಿ ನೋಡ್ರಿ. ಏರು ನಡೆಯಲ್ಲಿ ರಕ್ತ ಬಿಸಿಯಾಗಿರುತ್ತದೆ, ಜನ ಸಿಳ್ಳೆ ಹಾಕುತ್ತಿರುತ್ತಾರೆ, ಆಗ ತಿರುಗಿ ನಿಧಾನದ ನಡೆಗೆ ಬರಬೇಕೆಂದರೆ ಬಹಳ ಮಂದಿ ಒಂದೇ ದಾರಿ ಬಲ್ಲರು: ಧಡ್ ಅಂತ ನಿಲ್ಲಿಸಿ, ಕೆಮ್ಮಿ, ಹೊಸದಾಗಿ ಶುರು ಮಾಡುವುದು. ಕುದುರೆಯ ಮೇಲೂ ಹಾಗೇ ಆಗುತ್ತದೆ. ಇಳಿಸಬೇಕು ಅಂದಕೂಡಲೇ ಕೈ ತಾನಾಗಿ ಲಗಾಮು ಜಗ್ಗುತ್ತದೆ. ಕಡಿವಾಣ ಬಾಯಿಗೆ ಒತ್ತುತ್ತದೆ, ಕುದುರೆ ನೋವಿಗೆ ಬಾಯಿ ತೆರೆದು ಕತ್ತು ಎತ್ತುತ್ತದೆ, ಹಿಂಗಾಲು ಹಿಂದೆಯೇ ಉಳಿಯುತ್ತವೆ, ಮುಂಗಾಲಿನ ಮೇಲೆ ಧಡಧಡ ಬಿದ್ದು ನಿಲ್ಲುತ್ತದೆ. ಸರಿಯಾದ ಇಳಿತದಲ್ಲಿ ಮೊದಲು ನಿಲ್ಲಬೇಕಾದದ್ದು ಸವಾರನ ಸೊಂಟ. ಓಟದ ಜೊತೆ ತೂಗುತ್ತಿದ್ದ ಮೈಯನ್ನು ಅವನು ತಡೆದುಕೊಳ್ಳಬೇಕು, ಉಸಿರು ಕೆಳಗೆ ಬಿಡಬೇಕು. ಕಾಲು ಮಾತ್ರ ಪಕ್ಕೆಯನ್ನು ಬಿಡಬಾರದು. ಇಳಿಯುವಾಗಲೂ ಹಿಂಗಾಲು ಒಳಗೆ ಬರಬೇಕಲ್ಲ! ಲಗಾಮು ಕೊನೆಯದು, ಎಲ್ಲಕ್ಕಿಂತ ಕಡಿಮೆ. ಕುದುರೆಯಲ್ಲಿ ಬೇಕಾದ ಬದಲು ಮೊದಲು ತನ್ನ ಮೈಯಲ್ಲಿ ಆಗಬೇಕು. ಅಳಿಯನಿಗೆ ಅವನ ಉಸ್ತಾದ್ ಮೂರು ತಿಂಗಳು ಇದನ್ನೇ ಮಾಡಿಸಿದರಂತೆ, ಲಗಾಮು ಕೈಗೆ ಕೊಡದೆ, ಉದ್ದನೆಯ ಹಗ್ಗಕ್ಕೆ ಕಟ್ಟಿದ ಕುದುರೆಯ ಮೇಲೆ ಕೂರಿಸಿ.

ರೂಢಿ ಮಾಡಿಸುವ ಕ್ರಮವೂ ಕೇಳುವಂಥದ್ದು. 20 ಮೀಟರ್ ಅಗಲದ ದುಂಡು ಹಾಕಿ ಅದರಲ್ಲಿ ಸುತ್ತುತ್ತಾರೆ. ಹತ್ತು ಹನ್ನೆರಡು ಹೆಜ್ಜೆ ಕುಕ್ಕುಲೋಟ, ನಾಲ್ಕೈದು ಹೆಜ್ಜೆ ನಡಿಗೆ, ತಿರುಗಿ ಓಟ. ಮೊದಮೊದಲು ಒಂದೇ ಜಾಗದಲ್ಲಿ ಕೇಳುತ್ತಾರೆ, ಕುದುರೆಗೆ ಅರ್ಥವಾಗಲಿ ಅಂತ. ಅರ್ಥವಾದ ಮೇಲೆ ಜಾಗ ಬದಲಿಸುತ್ತಾರೆ. ಇಲ್ಲದಿದ್ದರೆ ಅದು ಸವಾರನನ್ನು ಕೇಳುವುದು ಬಿಟ್ಟು ಜಾಗವನ್ನು ನೋಡಿ ತಾನೇ ಹೆಜ್ಜೆ ಬದಲಿಸುತ್ತದೆ. ಉತ್ತರ ಕೊಟ್ಟ ಕ್ಷಣದಲ್ಲಿ ಒತ್ತು ತೆಗೆಯಬೇಕು, ಒಂದು ಹೆಜ್ಜೆ ತಡವಾದರೂ ಕುದುರೆಗೆ ಯಾವುದಕ್ಕೆ ಬಿಡುವು ಸಿಕ್ಕಿತು ಅಂತ ತಿಳಿಯುವುದಿಲ್ಲ. ಚೆನ್ನಾಗಿ ಒಂದು ಬದಲು ಬಂದರೆ ಲಗಾಮು ಉದ್ದ ಬಿಟ್ಟು, ಕತ್ತು ಚಾಚಿ ನಡೆಯಲು ಬಿಡಬೇಕು. ಚೆನ್ನಾಗಿ ಬಂತು ಅಂತ ಇನ್ನೂ ಹತ್ತು ಸಲ ಮಾಡಿಸುವವನು ಲೋಭಿ.

ಇಷ್ಟಾದ ಮೇಲೆ ನನ್ನ ಪ್ರಶ್ನೆಗೆ ಬರುತ್ತೇನೆ. ಒಂದು ನಡೆ ಹತ್ತಿದ ಮೇಲೆ ಅಂಜಿಕೆಯನ್ನು ಮುಚ್ಚಿಡಬಹುದು, ರೂಢಿ ಅದನ್ನು ಹೊತ್ತುಕೊಂಡು ಹೋಗುತ್ತದೆ. ಸಂದಿನಲ್ಲಿ ಮುಚ್ಚಿಡಲು ಬರುವುದಿಲ್ಲ. ಬಾಲ ಬೀಸುತ್ತದೆ, ಕಿವಿ ಹಿಂದಕ್ಕೆ ಅಂಟುತ್ತವೆ, ಹಲ್ಲು ಕಡಿಯುತ್ತದೆ, ಬೆನ್ನು ಗಟ್ಟಿಯಾಗುತ್ತದೆ. ಅಂಜಿಕೆ ಇಲ್ಲದ ಕುದುರೆಯ ಕಿವಿ ಒಂದು ಮುಂದೆ, ಒಂದು ಸವಾರನ ಕಡೆ ಆಡುತ್ತಿರುತ್ತದೆ, ಬಾಯಿ ಮೆತ್ತಗೆ ಜಗಿಯುತ್ತಿರುತ್ತದೆ. ಆದ್ದರಿಂದ ಒಪ್ಪಿಗೆಯೋ ಅಂಜಿಕೆಯೋ ಅನ್ನುವುದನ್ನು ಸಂದಿನಲ್ಲಿ ನೋಡಬೇಕು ಅಂತ ನಾನು ವಾಚನಾಲಯದಲ್ಲಿ ಒಂದು ಭಾನುವಾರ ಹೇಳಿದೆ.

ನಮ್ಮ ಕನ್ನಡ ಶಾಲೆಯ ಅಕ್ಕೋರು ಒಬ್ಬರು, ವಯಸ್ಸಿನಲ್ಲಿ ನನ್ನ ಮಗಳಂಥವರು, ಬಿಡಲಿಲ್ಲ. "ಕಾಕಾ, ಬಾಯಾಗ ಕಬ್ಬಿಣ ಇಟ್ಟು, ಬೆನ್ನ ಮ್ಯಾಲ ಕೂತು, ಒಪ್ಪಿಗಿ ಅಂತೀರಲ್ಲ. ಬ್ಯಾಡ ಅನ್ನಾಕ ದಾರಿನ ಇಲ್ಲದವರು ಹೂಂ ಅಂದ್ರ ಅದು ಒಪ್ಪಿಗಿ ಹೆಂಗಾಗ್ತೈತಿ? ನಿಮ್ಮ ಆ ಉಸ್ತಾದರು ಮಾಡೂದು ಅಂಜಿಕಿಗೆ ಬಣ್ಣ ಹಚ್ಚೂದು ಅಷ್ಟ" ಅಂದರು.

ಆ ಮಾತಿಗೆ ಅವತ್ತು ಯಾರಿಗೂ ಉತ್ತರ ಹೊಳೆಯಲಿಲ್ಲ. ಅವರ ಮಾತು ಗಟ್ಟಿ ಇದೆ. ಕುದುರೆ ನಮ್ಮ ಹತ್ತಿರ ಬಂದು ನನ್ನ ಮೇಲೆ ಕೂಡು ಅಂತ ಕೇಳಲಿಲ್ಲ. ಎತ್ತು ನೊಗ ಬೇಡಲಿಲ್ಲ. ಆ ಮೊದಲನೆಯ ಬಲಾತ್ಕಾರ ಆಗಿಹೋಗಿದೆ, ಸಾವಿರಾರು ವರ್ಷದ ಹಿಂದೆ ಆಗಿದೆ, ಅದನ್ನು ನಾನು ನನ್ನ ಅರೆತಡೆಯಿಂದ ತೊಳೆಯಲಾರೆ. ಇಷ್ಟನ್ನು ಒಪ್ಪುತ್ತೇನೆ.

ಆದರೆ ಅಕ್ಕೋರ ಮಾತನ್ನು ಕೊನೆಯ ತನಕ ಎಳೆದರೆ ಒಂದು ಕೆಡಕು ಹುಟ್ಟುತ್ತದೆ ಅಂತ ನನಗೆ ಅನಿಸುತ್ತದೆ. ಹೇಗೂ ಒಪ್ಪಿಗೆ ಅಲ್ಲ ಅಂದಮೇಲೆ ಹೊಡೆದು ಮಾಡಿಸಿದರೂ ಕೇಳಿ ಮಾಡಿಸಿದರೂ ಒಂದೇ ಅಂದಂತಾಗುತ್ತದೆ. ಅದು ಹೊಡೆಯುವವನಿಗೆ ಬಹಳ ಅನುಕೂಲದ ತತ್ವ. ಕುದುರೆಗೆ ದೊಡ್ಡ ಬೇಡ ಅನ್ನಲು ದಾರಿ ಇಲ್ಲ, ನಿಜ. ಸಣ್ಣ ಬೇಡ ಅನ್ನಲು ಇದೆ: ಆ ಕಿವಿ, ಆ ಬಾಲ, ಆ ಬೆನ್ನು. ದೊಡ್ಡ ಬೇಡವನ್ನು ಕಸಿದುಕೊಂಡವನ ಮೇಲೆ ಸಣ್ಣ ಬೇಡವನ್ನು ಕೇಳುವ ಸಾಲ ಬೀಳುತ್ತದೆ. ಅದನ್ನು ಕೇಳಿದ ಮೇಲೆ ನಿಲ್ಲಿಸಲು ಬರಬೇಕು. ಇವತ್ತು ಬೆನ್ನು ನೋಯುತ್ತಿದೆಯೋ, ಜೀನು ಕಚ್ಚುತ್ತಿದೆಯೋ, ಲಾಳ ಸಡಿಲಾಗಿದೆಯೋ ಇಳಿದು ನೋಡಬೇಕು. ಸಣ್ಣ ಬೇಡಕ್ಕೆ ಪೆಟ್ಟು ಕೊಟ್ಟರೆ ಕುದುರೆ ಅದನ್ನೂ ಹೇಳುವುದು ಬಿಡುತ್ತದೆ. ಅಂಥ ಕುದುರೆಯನ್ನು ಜನ "ಭಾಳ ಶಾಣ್ಯಾ ಐತಿ, ಹೇಳಿದ್ದ ಕೇಳ್ತೈತಿ" ಅಂತ ಹೊಗಳುತ್ತಾರೆ. ನಾನು ಅಂಥ ಎತ್ತು ನೋಡಿದ್ದೇನೆ. ಕಣ್ಣಿನಲ್ಲಿ ಏನೂ ಇರುವುದಿಲ್ಲ.

ಅಕ್ಕೋರು ಅರ್ಧ ಒಪ್ಪಿದರು. ಮುಂದಿನ ವಾರ ಅವರೇ ಒಂದು ವಿಷಯ ಓದಿಕೊಂಡು ಬಂದರು. ಗ್ರೀಸ್ ದೇಶದ ಕ್ಸೆನೊಫೋನ್ ಅನ್ನುವವನು, ಸಾಕ್ರೆಟಿಸನ ಶಿಷ್ಯ, ದಂಡಿನ ನಾಯಕ, ಸುಮಾರು 2400 ವರ್ಷದ ಹಿಂದೆ ಕುದುರೆ ಸವಾರಿಯ ಮೇಲೆ ಒಂದು ಪುಸ್ತಕ ಬರೆದಿದ್ದಾನೆ. ಬಲವಂತದಿಂದ ಮಾಡಿಸಿದ್ದು ಕುದುರೆಗೆ ಅರ್ಥವಾಗಿರುವುದಿಲ್ಲ, ಅದರಲ್ಲಿ ಚೆಲುವೂ ಇರುವುದಿಲ್ಲ ಅಂತ ಅವನ ವಾದ. ಅದಕ್ಕೆ ಅವನು ಕೊಡುವ ಹೋಲಿಕೆ ಕುಣಿಯುವವನದು, ಚಾಬೂಕಿನಿಂದ ಹೊಡೆದು ಮನುಷ್ಯನನ್ನು ಕುಣಿಸಿದರೆ ಹೇಗೋ ಹಾಗೆ ಅಂತ. ಕುದುರೆಯ ಮೇಲೆ ಕೂತು ಯುದ್ಧ ಮಾಡಿದವನು ಕುಣಿತದ ಮಾತು ತೆಗೆದನಲ್ಲ ಅಂತ ನನಗೆ ಸಂತೋಷವಾಯಿತು.

ಆದರೆ ಪುಸ್ತಕದಲ್ಲಿ ಇರುವುದು ಒಂದು, ಕೈಯಲ್ಲಿ ಇರುವುದು ಒಂದು. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ಶುರುವಾಗುವ ಮೊದಲು ಬ್ರಿಟನ್ನಿನ ಶಾರ್ಲೆಟ್ ಡುಜಾರ್ಡಿನ್, ಈ ಆಟದಲ್ಲಿ ಮೂರು ಒಲಿಂಪಿಕ್ ಚಿನ್ನ ಗೆದ್ದವರು, ಸ್ಪರ್ಧೆಯಿಂದ ಹಿಂದೆ ಸರಿದರು. ಪಾಠ ಹೇಳುವಾಗ ಕುದುರೆಯ ಕಾಲಿಗೆ ಉದ್ದನೆಯ ಚಾಬೂಕಿನಿಂದ ಮತ್ತೆ ಮತ್ತೆ ಹೊಡೆದ ಹಳೆಯ ವಿಡಿಯೋ ಹೊರಗೆ ಬಂದಿತ್ತು. ಅವರು ತಪ್ಪೊಪ್ಪಿಕೊಂಡರು, ಒಂದು ವರ್ಷದ ನಿಷೇಧ ಆಯಿತು. ಅಳಿಯನಿಗೆ ಅದು ಬಹಳ ನೋವು ಕೊಟ್ಟಿತು. ಅವರ ಸವಾರಿ ನೋಡಿಯೇ ಅವನು ಎಷ್ಟೋ ಕಲಿತಿದ್ದ. ಅವನ ನೋವು ನೋಡಿ ನನಗೆ ಅನಿಸಿದ್ದು ಇಷ್ಟು: ಕಲೆ ತಿಳಿದವರು ಹೊಡೆಯುವುದಿಲ್ಲ ಅಂತ ಭರವಸೆ ಇಲ್ಲ. ಕೇಳುವ ಬಗೆ ಗೊತ್ತಿದ್ದವರಿಗೂ ಒಂದು ದಿನ ಕೇಳುವ ಪುರಸೊತ್ತು ಇರುವುದಿಲ್ಲ. ಅವಸರ ಬಂದಾಗ ಎಲ್ಲರ ಕೈಯೂ ಚಾಬೂಕಿನ ಕಡೆಗೇ ಹೋಗುತ್ತದೆ.

ಅವಸರದ ಮಾತು ಬಂತಲ್ಲ, ಗುರುಗಳಿಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನಾನು ಕಲಿತ ಕನ್ನಡ ಶಾಲೆ ಏಳನೆಯ ಇಯತ್ತೆಗೆ ಮುಗಿಯುತ್ತಿತ್ತು. ಎಂಟನೆಯದಕ್ಕೆ ಹೋದವರು ಮರಾಠಿ ಶಾಲೆಗೆ ಹೋಗಬೇಕಿತ್ತು. ನಮ್ಮ ಗಡಿಯ ಮಕ್ಕಳು ದಡ್ಡರಲ್ಲ, ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಎರಡೂ ಆಡುತ್ತಾರೆ. ಆದರೆ ಸಂತೆಯ ಮರಾಠಿ ಬೇರೆ, ಭೂಮಿತಿಯ ಮರಾಠಿ ಬೇರೆ. ಒಂದು ಜೂನ್ ತಿಂಗಳಲ್ಲಿ ತಾಳ ಬದಲಾಗುತ್ತದೆ, ಮೊದಲು ಉಸಿರು ತೆಗೆದುಕೋ ಅಂತ ಯಾರೂ ಹೇಳಿರುವುದಿಲ್ಲ. ಕತ್ತು ಎತ್ತಿ ನಿಂತ ಹುಡುಗರಿಗೆ ಅಭ್ಯಾಸ ಹತ್ತುವುದಿಲ್ಲ ಅಂತ ಹೆಸರು ಬರುತ್ತದೆ. ಈಗಿನ ಕೆಲವು ಗುರುಗಳು ಏಳನೆಯದರ ಕೊನೆಯ ತಿಂಗಳುಗಳಲ್ಲಿ ಗಣಿತದ, ವಿಜ್ಞಾನದ ಮರಾಠಿ ಶಬ್ದಗಳನ್ನು ಮೆಲ್ಲಗೆ ಕಿವಿಗೆ ಹಾಕುತ್ತಾರೆ ಅಂತ ಕೇಳಿದ್ದೇನೆ. ಅದು ಅರೆತಡೆಯ ಕೆಲಸವೇ.

ನಮ್ಮ ಕಡೆಯೂ ಕುದುರೆಗೆ ಒಂದು ದೊಡ್ಡ ಸ್ಥಾನ ಇದೆ. ಆಷಾಢದಲ್ಲಿ ಪಂಢರಪುರಕ್ಕೆ ಹೋಗುವ ಜ್ಞಾನೇಶ್ವರ ಮಾವುಲಿಯ ಪಾಲಖಿಯ ಜೊತೆ ಎರಡು ಕುದುರೆ ಇರುತ್ತವೆ. ಅವು ಬರುವುದು ಕನ್ನಡ ನಾಡಿನಿಂದ, ಚಿಕ್ಕೋಡಿ ತಾಲೂಕಿನ ಅಂಕಲಿಯ ಶಿತೋಳೆ ಸರದಾರರ ಮನೆತನದಿಂದ. ಅಂಕಲಿಯಿಂದ ಆಳಂದಿಯ ತನಕ ದಿನಗಟ್ಟಲೆ ನಡೆದೇ ಹೋಗುತ್ತವೆ. ಒಂದರ ಮೇಲೆ ಪತಾಕೆ ಹಿಡಿದ ಸವಾರ ಇರುತ್ತಾನೆ. ಇನ್ನೊಂದರ ಮೇಲೆ ಯಾರೂ ಇಲ್ಲ, ಮಾವುಲಿಯೇ ಕೂತಿದ್ದಾರೆ ಅಂತ ನಂಬಿಕೆ. ಸೋಲಾಪುರ ಜಿಲ್ಲೆಯ ಖುಡೂಸ, ವಾಖರಿಯಂಥ ಕಡೆ ರಿಂಗಣ ಆದಾಗ ಲಕ್ಷಾಂತರ ವಾರಕರಿಗಳ ನಡುವೆ ಆ ಎರಡೂ ದುಂಡಗೆ ಓಡುತ್ತವೆ. ಓಡಿದ ಜಾಗದ ಮಣ್ಣನ್ನು ಜನ ಹಣೆಗೆ ಹಚ್ಚಿಕೊಳ್ಳುತ್ತಾರೆ. ನಾನು ವಾಖರಿಯಲ್ಲಿ ನೋಡಿದ್ದೇನೆ. ಸವಾರ ಇಲ್ಲದ ಕುದುರೆ ನಡಿಗೆಯಿಂದ ಓಟಕ್ಕೆ ಏರುವಾಗ ಅದರ ಬಾಯಿಗೆ ಯಾರ ಕೈಯೂ ಇರಲಿಲ್ಲ. ಮುಂದಿನ ಕುದುರೆಯನ್ನು ನೋಡಿತು, ಹಿಂಗಾಲು ಒಳಗೆ ತಂದಿತು, ಏರಿತು. ಡ್ರೆಸಾಜಿನವರು ವರ್ಷಗಟ್ಟಲೆ ದುಡಿದು ಸವಾರನ ಕೆಳಗೆ ತರಲು ನೋಡುವುದು ಅದನ್ನೇ ಅಂತ ಅಳಿಯ ಹೇಳುತ್ತಾನೆ: ಖಾಲಿ ಬೆನ್ನಿನ ಕುದುರೆ ಬಯಲಿನಲ್ಲಿ ತನ್ನ ಖುಷಿಗೆ ಹೆಜ್ಜೆ ಬದಲಿಸಿದ ಹಾಗೆ ಬದಲಿಸಬೇಕು.

ಅದೇ ಜಿಲ್ಲೆಯ ಅಕಲೂಜಿನಲ್ಲಿ ದೀಪಾವಳಿಯ ಸುಮಾರಿಗೆ ಕುದುರೆ ಬಜಾರು ಕೂಡುತ್ತದೆ. ದೂರದ ರಾಜ್ಯಗಳಿಂದಲೂ ಕುದುರೆ ಬರುತ್ತವೆ. ಅಲ್ಲಿಂದ ಕೊಂಡು ತಂದ ಕುದುರೆಗಳನ್ನು ನಮ್ಮ ಕಡೆ ಕೆಲವರು ಮದುವೆಗೆ, ಜಾತ್ರೆಗೆ ಕುಣಿಸುತ್ತಾರೆ. ಹಲಗೆಯ ಪೆಟ್ಟಿಗೆ ಮುಂಗಾಲು ಎತ್ತಿ ಎತ್ತಿ ಕುಣಿಯುತ್ತದೆ, ಕೆಲವೊಮ್ಮೆ ಹೊರಸಿನ ಮೇಲೆ ಹತ್ತಿ ಕುಣಿಯುತ್ತದೆ. ಜನ ನೋಟು ಹಾರಿಸುತ್ತಾರೆ. ಇದನ್ನು ಕಲಿಸುವ ಎಲ್ಲರೂ ಕ್ರೂರಿಗಳು ಅಂತ ನಾನು ಹೇಳುವುದಿಲ್ಲ. ಆದರೆ ಕಾಲಿಗೆ ಹಗ್ಗ ಕಟ್ಟಿ, ಎರಡು ಕಡೆ ಜಗ್ಗಿ, ಕೋಲಿನಿಂದ ಮೊಣಕಾಲಿಗೆ ತಟ್ಟಿ ಕಲಿಸುವುದನ್ನು ನಾನೇ ಕಂಡಿದ್ದೇನೆ. ಕುಣಿಯುವಾಗ ಚೆಂದವೇ ಕಾಣುತ್ತದೆ. ಹಲಗೆ ನಿಂತಾಗ ನೋಡಬೇಕು. ಕುಣಿತದಿಂದ ನಡಿಗೆಗೆ ಇಳಿಯುವುದು ಆ ಕುದುರೆಗೆ ಗೊತ್ತೇ ಇಲ್ಲ, ಯಾರೂ ಕಲಿಸಿಲ್ಲ. ನಡುಗುತ್ತಾ ನಿಲ್ಲುತ್ತದೆ, ಬಾಯಿಂದ ನೊರೆ, ಕಣ್ಣಿನ ಬಿಳಿ ಕಾಣುತ್ತದೆ.

ಈಗ ನಮ್ಮೂರ ಜಾತ್ರೆಯ ಮಾತು. ಪಲ್ಲಕ್ಕಿಯ ಮುಂದೆ ಕುಣಿಯುವ ಕುದುರೆ ತರಬೇಕೆಂದು ಹುಡುಗರ ಆಸೆ, ಅದರ ಮುಂದೆ ನಮ್ಮ ಮೇಳ ಬಾರಿಸಬೇಕೆಂದು ಕಮಿಟಿಯ ಮಾತು. ನಾನು ಮತ್ತು ಅಳಿಯ ಆ ಕುದುರೆಯವನ ಮನೆಗೇ ಹೋಗಿ ಕೂತು ಮಾತಾಡಿದೆವು. ಬಡವ, ಮೂರು ಮಕ್ಕಳು, ಹೊಲ ಇಲ್ಲ. "ಕಾಕಾ, ಇದು ಕುಣೀಲಿಲ್ಲ ಅಂದ್ರ ನಮ್ಮ ಮನಿ ಒಲಿ ಹೊತ್ತಂಗಿಲ್ಲ. ಇದರ ಹೊಟ್ಟಿಗೂ ಕಡ್ಲಿ ಬೇಕು, ಹುರುಳಿ ಬೇಕು. ನೀವು ಶಾಣ್ಯಾರು, ಇದಕ್ಕ ಒಂದು ದಾರಿ ಹೇಳ್ರಿ" ಅಂದ. ಕುದುರೆಯ ಹೊಟ್ಟೆ, ಅವನ ಹೊಟ್ಟೆ ಎರಡೂ ಒಂದೇ ಹಗ್ಗಕ್ಕೆ ಕಟ್ಟಿವೆ. ಅದನ್ನು ಬಿಟ್ಟು ದಯೆಯ ಮಾತು ಆಡುವುದು ಹೊಟ್ಟೆ ತುಂಬಿದವರಿಗೆ ಸುಲಭ. ಅಕ್ಕೋರು ಜೊತೆಗೆ ಬಂದಿದ್ದರೆ ಏನು ಹೇಳುತ್ತಿದ್ದರೋ.

ನಾವು ಕಮಿಟಿಗೆ ಹೇಳಿದ್ದು ಹೀಗೆ. ಕುದುರೆ ಬರಲಿ, ಒಪ್ಪಿದ ದುಡ್ಡು ಪೂರ್ತಿ ಕೊಡೋಣ. ಹೊರಸು ಬೇಡ, ಕಾಲಿಗೆ ಹಗ್ಗ ಬೇಡ. ಪಲ್ಲಕ್ಕಿಯ ಮುಂದೆ ನಡೆದು ಬರಲಿ, ಅಗಸಿಯಿಂದ ಗುಡಿಯ ತನಕ ಬಯಲು ಇರುವ ಕಡೆ ಕುಕ್ಕುಲೋಟದಲ್ಲಿ ಬರಲಿ. ಡೊಳ್ಳಿನವರು ಕುದುರೆಯನ್ನು ನೋಡಿ ಬಾರಿಸುತ್ತೇವೆ, ಡೊಳ್ಳನ್ನು ನೋಡಿ ಕುದುರೆ ಕುಣಿಯುವುದು ಬೇಡ. ಅಳಿಯ ಎರಡು ತಿಂಗಳಿಂದ ಬೆಳಗ್ಗೆ ಹೋಗಿ ಆ ಕುದುರೆಯ ಜೊತೆ ದುಂಡು ಹಾಕುತ್ತಿದ್ದಾನೆ. ನಾನೂ ಒಂದು ಸಣ್ಣ ಡೊಳ್ಳು ಒಯ್ದು ದೂರ ಕೂತು ಬಾರಿಸುತ್ತೇನೆ. ಮೊದಲ ವಾರ ಡೊಳ್ಳಿನ ಮೇಲೆ ಕೈ ಇಟ್ಟರೆ ಸಾಕು, ಮುಂಗಾಲು ಎತ್ತಿಬಿಡುತ್ತಿತ್ತು, ಪೆಟ್ಟು ಬರುತ್ತದೆ ಅಂತ. ಈಗ ನಾನು ಪೆಟ್ಟು ನಿಧಾನ ಮಾಡುತ್ತಾ ಬಂದು, ಒಂದು ಪೆಟ್ಟು ಬಿಟ್ಟು ಉಸಿರು ತೆಗೆದುಕೊಂಡರೆ, ಅದರ ಒಂದು ಕಿವಿ ನನ್ನ ಕಡೆ ತಿರುಗುತ್ತದೆ. ನಡಿಗೆಗೆ ಇಳಿಯುತ್ತದೆ. ಹತ್ತರಲ್ಲಿ ಆರು ಸಲ ಅನ್ನೋಣ. ಕುದುರೆಯವನು ಬಾಗಿಲಲ್ಲಿ ನಿಂತು ನೋಡುತ್ತಾನೆ, "ಹಿಂಗಾದ್ರ ಮದವಿ ಮಂದಿ ಕರೀತಾರೇನ್ರಿ ಇದನ್ನ?" ಅಂತ ಕೇಳುತ್ತಾನೆ. ಆ ಪ್ರಶ್ನೆಗೆ ನಮ್ಮ ಹತ್ತಿರ ಇನ್ನೂ ಉತ್ತರ ಇಲ್ಲ.

ಕಮಿಟಿಯ ಹಿರಿಯರು ಒಪ್ಪಿದ್ದಾರೆ. ಹುಡುಗರು ಒಪ್ಪಿಲ್ಲ. ಸುಮ್ಮನೆ ನಡೆಯುವ ಕುದುರೆಯನ್ನು ಯಾರು ನೋಡುತ್ತಾರೆ, ಅದರ ಬದಲು ಡಿ.ಜೆ. ತರುತ್ತೇವೆ ಅನ್ನುತ್ತಾರೆ. ಡಿ.ಜೆ. ಬಂದರೆ ಅದರ ಮುಂದೆ ಕುದುರೆ ತರುವುದು ಬೇಡವೇ ಬೇಡ ಅಂತ ಅಳಿಯ ಹಟ ಹಿಡಿದಿದ್ದಾನೆ, ಆ ಯಂತ್ರ ಕುದುರೆಯ ಕಡೆ ಮುಖ ತಿರುಗಿಸಿ ನೋಡುವುದಿಲ್ಲ, ಉಸಿರೂ ತೆಗೆದುಕೊಳ್ಳುವುದಿಲ್ಲ ಅಂತ. ಬರುವ ಅಮಾವಾಸ್ಯೆಗೆ ಕಮಿಟಿ ಮತ್ತೆ ಕೂಡುತ್ತದೆ.